ಐದನೇ ಪುಸ್ತಕದ ಜಗಳ



ಮನೆಯಲ್ಲಿ ಮಕ್ಕಳು ಜಗಳವಾಡಲು ಕಾರಣಗಳಿಗೆ ಬರವಿಲ್ಲ. ಚಾರ್ಜರಿಗಾಗಿ ಜಗಳ, ಫ್ಯಾನಿನ ಕೆಳಗಿನ ಜಾಗಕ್ಕಾಗಿ ಜಗಳ, ತಟ್ಟೆಯಲ್ಲಿ ಉಳಿದ ಕೊನೆಯ ಸಮೋಸಕ್ಕಾಗಿ ಜಗಳ. ಆದರೆ ಒಂದು ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂಬ ವಿಷಯಕ್ಕೆ ಇಬ್ಬರು ಹೆಣ್ಣುಮಕ್ಕಳು ಎರಡು ದಿನ ಮಾತು ಬಿಟ್ಟ ಸುದ್ದಿ ಅಪರೂಪದ್ದು. ಬ್ಯಾಡಗಿ ತಾಲೂಕಿನ ಕದರಮಂಡಲಗಿಯಿಂದ ತಾಯಿಯೊಬ್ಬರು ಅಂತಹ ಸುದ್ದಿಯನ್ನು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇಷ್ಟು.

ಅವರ ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ಗೆಳತಿಯಿಂದ ತಂದು ಹ್ಯಾರಿ ಪಾಟರ್ ಸರಣಿಯನ್ನು ಒಂದೊಂದಾಗಿ ಓದುತ್ತಾ ಐದನೇ ಪುಸ್ತಕ ಮುಗಿಸಿದ್ದಾಳೆ. ರಜೆಗೆಂದು ರಾಣೆಬೆನ್ನೂರಿನಿಂದ ಬಂದ ಖಾಲಾನ ಮಗಳು ಏಳನ್ನೂ ಓದಿದವಳು. "ಏಳರಲ್ಲಿ ಇದೇ ಕೆಟ್ಟದ್ದು. ಎಷ್ಟು ಉದ್ದ! ಆ ಹುಡುಗ ಬರೀ ಕೂಗಾಡುತ್ತಾನೆ" ಎಂದಳಂತೆ ಅವಳು. "ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಅವನು ಯಾಕೆ ಕೂಗಾಡುತ್ತಾನೆ ಅಂತ ನಿನಗೆ ತಿಳಿಯೋದಿಲ್ಲ" ಎಂದಳಂತೆ ಇವಳು. ಮಾತಿಗೆ ಮಾತು ಬೆಳೆದು ದಸ್ತರ್‌ಖಾನ್‌ನಲ್ಲಿ ಇಬ್ಬರೂ ಎರಡು ತುದಿಗೆ ಕೂತರಂತೆ.

ತಾಯಿಯ ಪ್ರಶ್ನೆಗಳು ಮೂರು. ಇಲ್ಲದ ಲೋಕದ ಕತೆಗೆ ಇಷ್ಟು ಜಗಳ ಬೇಕೇ? ಅದರಲ್ಲಿ ಜಾದು, ಮಾಟ ಎಲ್ಲ ಇದೆಯಂತೆ, ಮಕ್ಕಳು ಓದಬಹುದೇ? ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿಬಿಡಲೇ? ಪತ್ರದ ಕೊನೆಗೆ ಇನ್ನೊಂದು ಸಾಲಿದೆ. ಮಗಳನ್ನು ಪಿಯುಸಿ ನಂತರ ಓದಿಸುವುದೋ ನಿಲ್ಲಿಸುವುದೋ ಎಂದು ಹಿರಿಯರಲ್ಲಿ ಮಾತುಕತೆ ನಡೆದಿದೆ. ಹುಡುಗಿಗೆ ಇನ್ನೂ ಯಾರೂ ಏನೂ ಹೇಳಿಲ್ಲ. "ಇಂಥ ಹೊತ್ತಿನಲ್ಲಿ ಇವಳಿಗೆ ಕತೆ ಪುಸ್ತಕದ್ದೇ ಚಿಂತೆ" ಎಂದು ತಾಯಿ ಬೇಸರಪಟ್ಟಿದ್ದಾರೆ.

ಸಹೋದರಿ, ಈ ಕೊನೆಯ ಸಾಲಿಗೆ ಆಮೇಲೆ ಬರೋಣ. ಮೊದಲು ಜಗಳದ ವಿಷಯ.

ಸರಣಿ ಕತೆಗಳಲ್ಲಿ ಮೊದಲ ಪುಸ್ತಕಕ್ಕೆ ಎಲ್ಲರೂ ಮಾರುಹೋಗುತ್ತಾರೆ. ಓದುಗರಲ್ಲಿ ಎರಡು ಪಕ್ಷವಾಗುವುದು ಮುಂದಿನ ಪುಸ್ತಕಗಳಿಂದಲೇ. ಅಮೆರಿಕದ ರಾಬರ್ಟ್ ಜೋರ್ಡಾನ್ 1990ರಲ್ಲಿ 'ದಿ ವೀಲ್ ಆಫ್ ಟೈಮ್' ಎಂಬ ಬೃಹತ್ ಕತೆಯನ್ನು ಆರಂಭಿಸಿದರು. 2003ರಲ್ಲಿ ಹತ್ತನೇ ಸಂಪುಟ ಬಂದಾಗ, ಕತೆ ಕೂತಲ್ಲೇ ಕೂತಿದೆ ಎಂದು ಅವರ ಅಭಿಮಾನಿಗಳೇ ದೂರಿದರು. 2007ರಲ್ಲಿ ಲೇಖಕರು ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರಾಂಡನ್ ಸ್ಯಾಂಡರ್ಸನ್ ಎಂಬ ಇನ್ನೊಬ್ಬ ಲೇಖಕರು ಮೂರು ಸಂಪುಟ ಬರೆದು, 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಕತೆಯನ್ನು ಮುಗಿಸಿದರು. "ಕತೆಗೆ ಮತ್ತೆ ಓಟ ಬಂತು" ಎಂದು ಕೆಲವರು ಸಂತೋಷಪಟ್ಟರು. "ಪಾತ್ರಗಳು ಮೊದಲಿನಂತೆ ಮಾತಾಡುತ್ತಿಲ್ಲ" ಎಂದು ಕೆಲವರು ಮುಖ ಸಿಂಡರಿಸಿದರು. ಹಾಗಾಗಿ ನಿಮ್ಮ ಮನೆಯ ಜಗಳ ಲೋಕದಲ್ಲಿ ಯಾರೂ ಆಡದ ಜಗಳವೇನಲ್ಲ.

ಇದು ಇಂಗ್ಲಿಷ್ ಪುಸ್ತಕಗಳ ಜೊತೆ ಬಂದ ರೋಗ ಎಂದೂ ಭಾವಿಸಬೇಡಿ. ಉರ್ದುವಿನಲ್ಲಿ ಇದಕ್ಕಿಂತ ದೊಡ್ಡ ಸರಣಿ ಇದೆ. 'ದಾಸ್ತಾನೆ ಅಮೀರ್ ಹಂಝಾ'ದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ನಾಯಕನ ಹೆಸರು ಹಝ್ರತ್ ಹಂಝಾ(ರ)ರದ್ದಾದರೂ ಇದು ಅವರ ಚರಿತ್ರೆಯಲ್ಲ, ಪೂರ್ತಿ ಕಟ್ಟುಕತೆ. ಈ ಎಚ್ಚರ ಇಟ್ಟುಕೊಂಡೇ ಜನ ಅದನ್ನು ಕೇಳುತ್ತಿದ್ದರು. ಅಕ್ಬರ್ ಬಾದಶಹನಿಗೆ ಈ ಕತೆಯ ಹುಚ್ಚು ಎಷ್ಟಿತ್ತೆಂದರೆ, ಅದಕ್ಕಾಗಿ ಆತ ಸುಮಾರು 1400 ಚಿತ್ರಗಳನ್ನು ಬರೆಸಿದ್ದ. ಮಿರ್ಝಾ ಗಾಲಿಬ್ ಕೂಡ ದಾಸ್ತಾನ್‌ಪ್ರಿಯರೇ. ಕತೆ ಹೇಳುವವರಿಗೆ ದಾಸ್ತಾನ್‌ಗೋ ಎಂದು ಹೆಸರು. ಕೇಳುವವರ ಮುಖ ನೋಡಿಕೊಂಡೇ ಅವರು ಕತೆಯನ್ನು ಹಿಗ್ಗಿಸುತ್ತಿದ್ದರು, ಕುಗ್ಗಿಸುತ್ತಿದ್ದರು. ದಿಲ್ಲಿಯ ಕೊನೆಯ ಹೆಸರಾಂತ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು.

ಬಾಯಿಂದ ಬಾಯಿಗೆ ಬಂದ ಈ ಕತೆಗಳನ್ನು ಲಕ್ನೋದ ಮುನ್ಶಿ ನವಲ್ ಕಿಶೋರ್ ಮುದ್ರಣಾಲಯ ಪುಸ್ತಕವಾಗಿ ತಂದಿತು. ಒಟ್ಟು 46 ಸಂಪುಟಗಳು! ಅವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು 'ತಿಲಿಸ್ಮೆ ಹೋಶ್‌ರುಬಾ'. 1883ರಿಂದ 1893ರವರೆಗೆ ಏಳು ಸಂಪುಟಗಳಲ್ಲಿ ಬಂತು. ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್. ಆಮೇಲೆ ಜಾಹ್ ಆ ಮುದ್ರಣಾಲಯವನ್ನು ಬಿಟ್ಟರು. ಉಳಿದ ಮೂರನ್ನು ಅಹ್ಮದ್ ಹುಸೇನ್ ಕಮರ್ ಬರೆದರು. ಅಲ್ಲಿಂದ ಶುರುವಾಯಿತು ನೋಡಿ, ನಿಮ್ಮ ಮನೆಯಲ್ಲಿ ನಡೆದಂತಹ ಜಗಳ. ಜಾಹ್‌ರ ಭಾಷೆಯ ಬೆಡಗಿಗೆ ಮನಸೋತವರಿಗೆ ಐದನೇ ಸಂಪುಟದಿಂದ ಮುಂದೆ ಬಾಯಿ ಸಪ್ಪೆಯಾಯಿತು. ಕತೆ ಏನಾಗುತ್ತದೆ ಎಂಬುದೇ ಮುಖ್ಯ ಎನ್ನುವವರು ಕಮರ್‌ರ ಸಂಪುಟಗಳನ್ನೂ ಬಿಡದೆ ಓದಿದರು. ಇಂದಿಗೂ ಉರ್ದು ಓದುಗರಲ್ಲಿ ಜಾಹ್ ಪಕ್ಷದವರು ಹೆಚ್ಚು. ಆದರೆ ಕಮರ್ ಇಲ್ಲದಿದ್ದರೆ ಮಾಯಾಲೋಕದ ಬಾದಶಹ ಅಫ್ರಾಸಿಯಾಬನ ಕತೆ ನಡುದಾರಿಯಲ್ಲೇ ನಿಲ್ಲುತ್ತಿತ್ತು ಎಂಬುದನ್ನು ಅವರೂ ಒಪ್ಪಬೇಕು. ವಿಮರ್ಶಕ ಶಮ್ಸುರ್ರಹ್ಮಾನ್ ಫಾರೂಕಿ (1935-2020) ಈ 46 ಸಂಪುಟಗಳನ್ನೂ ಹುಡುಕಿ ಸಂಗ್ರಹಿಸಿ, ಓದಿ, ಅವುಗಳ ಮೇಲೆ ಗ್ರಂಥಗಳನ್ನೇ ಬರೆದರು. ಕಟ್ಟುಕತೆಯ ಬಗ್ಗೆ ಗಂಭೀರವಾಗಿ ಅಭಿಪ್ರಾಯ ಹೇಳುವುದು ಹುಡುಗಾಟಿಕೆಯಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಇಲ್ಲಿಯೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಮಾಟ ಮಾಡುವುದು, ಮಾಡಿಸುವುದು ನಮ್ಮಲ್ಲಿ ನಿಷಿದ್ಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋಶ್‌ರುಬಾದಲ್ಲೂ ಪುಟಪುಟಕ್ಕೆ ಜಾದೂಗಾರರೇ ತುಂಬಿದ್ದಾರೆ. ಕೇಳಿದವರು ಮಾಟ ಕಲಿಯಲಿಲ್ಲ. ಭಾಷೆ ಕಲಿತರು, ನಕ್ಕರು. ಜಾದೂಗಾರರ ಸೊಕ್ಕನ್ನು ಅಮರ್ ಅಯ್ಯಾರ್ ವೇಷ ಬದಲಿಸಿ, ಬುದ್ಧಿ ಓಡಿಸಿ ಮುರಿಯುವುದನ್ನು ಕಂಡು ಖುಷಿಪಟ್ಟರು. ಮಹ್‌ರುಖ್ ಎಂಬ ಹೆಣ್ಣು ತನ್ನ ಬಾದಶಹನ ಅನ್ಯಾಯವನ್ನು ಧಿಕ್ಕರಿಸಿ ಎದುರು ಪಾಳೆಯದ ಮುಂದಾಳಾಗುವುದನ್ನು ಕೇಳಿದರು. ಕತೆ ಎಂದು ತಿಳಿದು ಓದುವುದು ಬೇರೆ, ನಂಬಿ ಆಚರಿಸುವುದು ಬೇರೆ. ಈ ವ್ಯತ್ಯಾಸ ಮಗಳಿಗೆ ತಿಳಿದಿದೆಯೇ ಎಂದು ಅವಳನ್ನೇ ಕೇಳಿ. ಹದಿನಾರು ವರ್ಷದವಳಿಗೆ ಅದು ಚೆನ್ನಾಗಿಯೇ ತಿಳಿದಿರುತ್ತದೆ.

ಇನ್ನೂ ಹತ್ತಿರದ ಒಂದು ಉದಾಹರಣೆ ನಿಮ್ಮ ಹಾವೇರಿ ಜಿಲ್ಲೆಯದ್ದೇ ಇದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರ ನಿಮಗೆ ಗೊತ್ತು. ರಾಷ್ಟ್ರಕೂಟರ ಕಾಲದಲ್ಲಿ ಜೈನ ಆಚಾರ್ಯ ಜಿನಸೇನರು ಸಂಸ್ಕೃತದಲ್ಲಿ ಒಂದು ಮಹಾಪುರಾಣವನ್ನು ಬರೆಯತೊಡಗಿದರು. ಅದು ಜೈನ ಬಂಧುಗಳ ಪವಿತ್ರ ಗ್ರಂಥ. ಅದನ್ನು ಕಟ್ಟುಕತೆಗಳ ಸಾಲಿಗೆ ಸೇರಿಸುತ್ತಿಲ್ಲ. ಮುಂದಿನ ಭಾಗ ಬರೆಯುವವರ ಅಳುಕು ಎಂಥದ್ದು ಎಂಬುದಕ್ಕಾಗಿ ಮಾತ್ರ ಹೇಳುತ್ತಿದ್ದೇನೆ. ಮೊದಲ ಭಾಗದ 47 ಪರ್ವಗಳಲ್ಲಿ 42 ಮುಗಿದು 43ನೆಯದು ಶುರುವಾಗುತ್ತಿದ್ದಂತೆ ಜಿನಸೇನರು ತೀರಿಕೊಂಡರು. ಶಿಷ್ಯ ಗುಣಭದ್ರರು ಉಳಿದದ್ದನ್ನು ಬರೆದು, 'ಉತ್ತರಪುರಾಣ'ವನ್ನೂ ಸೇರಿಸಿ ಗ್ರಂಥವನ್ನು ಪೂರ್ತಿ ಮಾಡಿದರು. 898ರಲ್ಲಿ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಗೌರವ ಸಂದಿತು. ಗುರುವಿನ ಭಾಗವನ್ನು ಓದಿದವರು ತನ್ನ ಭಾಗವನ್ನು ಹೇಗೆ ಸ್ವೀಕರಿಸುತ್ತಾರೋ ಎಂಬ ಅಳುಕು ಗುಣಭದ್ರರಿಗೆ ಇತ್ತು. ಅದಕ್ಕೇ ಕಬ್ಬಿನ ಹೋಲಿಕೆ ಕೊಟ್ಟರು. ಕಬ್ಬಿನಲ್ಲಿ ಮೊದಲರ್ಧವೇ ರಸಭರಿತ. ತುದಿಯ ಅರ್ಧ ಹೇಗೆ ಬರುತ್ತದೋ ಬರಲಿ, ಬರೆಯಲು ತೊಡಗುತ್ತೇನೆ ಎಂಬುದು ಅವರ ಮಾತಿನ ತಾತ್ಪರ್ಯ.

ಹಾವೇರಿ ಸೀಮೆಯವರಿಗೆ ಕಬ್ಬಿನ ಬುಡ ತುದಿಗಳ ವಿಷಯ ಬಿಡಿಸಿ ಹೇಳಬೇಕಿಲ್ಲ. ಬುಡ ಸಿಹಿ, ತುದಿ ಸಪ್ಪೆ. ಆದರೆ ಮುಂದಿನ ಬೆಳೆಗೆ ಬಿತ್ತನೆಯ ತುಂಡನ್ನು ಹೆಚ್ಚಾಗಿ ಆರಿಸುವುದು ಎಲ್ಲಿಂದ? ಮೇಲಿನ ಭಾಗದ ಎಳೆಯ ಗೆಣ್ಣುಗಳಿಂದ. ತಿನ್ನಲು ಬುಡ ಬೇಕು, ಬಿತ್ತಲು ತುದಿ ಬೇಕು. ಜಿನಸೇನ, ಗುಣಭದ್ರರ ಈ ಪುರಾಣದ ದಾರಿಯಲ್ಲೇ ಮುಂದೆ 941ರಲ್ಲಿ ಕನ್ನಡದ ಆದಿಕವಿ ಪಂಪ ತನ್ನ 'ಆದಿಪುರಾಣ'ವನ್ನು ಬರೆದ. ಸಪ್ಪೆ ಎಂದು ಅಳುಕಿದ್ದ ಗುಣಭದ್ರರು ಕೈಬಿಟ್ಟಿದ್ದರೆ ಗ್ರಂಥ ಅರ್ಧಕ್ಕೇ ಉಳಿಯುತ್ತಿತ್ತು.

ಇದನ್ನೆಲ್ಲ ಹೇಳಿದ್ದು ಮುಂದಿನ ಪುಸ್ತಕಗಳೆಲ್ಲಾ ಒಳ್ಳೆಯವು ಎಂದು ವಕಾಲತ್ತು ವಹಿಸಲು ಅಲ್ಲ. ಎಷ್ಟೋ ಸರಣಿಗಳನ್ನು ಹಣಕ್ಕಾಗಿ ಎಳೆಯುತ್ತಾರೆ. ಎಳೆದದ್ದನ್ನು ಎಳೆದದ್ದು ಎಂದೇ ಹೇಳಬೇಕು. ಆದರೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಪುಸ್ತಕ ಏನು ಮಾಡಲು ಹೊರಟಿದೆ? ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಡಬ್ಬಿ ಇರಲಿ, ಕಡ್ಡಿ ಇರಲಿ, ಅದರ ಹೆಚ್ಚುಗಾರಿಕೆ ಇರುವುದು ಕಡುಗೆಂಪು ಬಣ್ಣದಲ್ಲಿ, ಖಾರ ಕಡಿಮೆ. ಹೊರಗಿನವರು ಯಾರೋ ಬಂದು ಒಂದು ಚೂರು ಕಡಿದು, "ಇದೇನ್ರೀ, ಖಾರಾನೇ ಇಲ್ಲ" ಎಂದು ಉಗುಳಿದರೆ ನೀವು ಏನನ್ನುತ್ತೀರಿ? "ಅದು ಇರುವುದೇ ಹಾಗೆ, ಸಾಲನ್ ಮಾಡಿ ನೋಡಿ" ಎನ್ನುತ್ತೀರಿ. ಪುಸ್ತಕಕ್ಕೂ ಅಷ್ಟು ನ್ಯಾಯ ಸಿಗಬೇಡವೇ?

ಈಗ ಆ ಐದನೇ ಪುಸ್ತಕಕ್ಕೆ ಬರೋಣ. 'ಹ್ಯಾರಿ ಪಾಟರ್ ಅಂಡ್ ದಿ ಆರ್ಡರ್ ಆಫ್ ದಿ ಫೀನಿಕ್ಸ್' ಪ್ರಕಟವಾದದ್ದು 2003ರ ಜೂನ್ 21ರಂದು. ನಾಲ್ಕನೆಯದು ಬಂದು ಮೂರು ವರ್ಷ ಓದುಗರು ಕಾದಿದ್ದರು. ಸರಣಿಯ ಏಳರಲ್ಲಿ ಇದೇ ಅತಿ ದೊಡ್ಡದು. ಬ್ರಿಟಿಷ್ ಆವೃತ್ತಿಯಲ್ಲಿ ಮೊದಲ ಪುಸ್ತಕಕ್ಕೆ 223 ಪುಟ, ಇದಕ್ಕೆ 766. ಉದ್ದವಾಯಿತು ಎಂದ ರಾಣೆಬೆನ್ನೂರಿನ ಹುಡುಗಿಯ ಮಾತಿನಲ್ಲಿ ಹುರುಳಿದೆ. ಆಗಿನ ವಿಮರ್ಶಕರಲ್ಲೂ ಹಲವರು ಅದನ್ನೇ ಹೇಳಿದ್ದರು. ಮೊದಲ ಪುಸ್ತಕಗಳ ಮೋಜು, ಬೆರಗು ಇದರಲ್ಲಿ ಕಡಿಮೆ ಎಂಬುದೂ ನಿಜ. ಅವಳದು ತಪ್ಪು ಅಭಿಪ್ರಾಯವಲ್ಲ.

ಕದರಮಂಡಲಗಿಯ ಹುಡುಗಿಯದೂ ತಪ್ಪಲ್ಲ. ಈ ಪುಸ್ತಕದಲ್ಲಿ ಹ್ಯಾರಿಗೆ ಹದಿನೈದು ವರ್ಷ. ಶತ್ರು ಮರಳಿ ಬಂದದ್ದನ್ನು ಕಣ್ಣಾರೆ ಕಂಡವನು ಅವನು. ಆದರೆ ಹಿರಿಯರು ಅವನನ್ನು ದೂರ ಇಟ್ಟು ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಾರೆ. ಇನ್ನೂ ಚಿಕ್ಕವನು, ಇವನಿಗೆ ಯಾಕೆ ಎನ್ನುತ್ತಾರೆ. ಅವನು ತಂದೆಯಂತೆ ನಂಬಿದ ಮುಖ್ಯೋಪಾಧ್ಯಾಯರು ಅವನ ಮುಖ ಕೊಟ್ಟು ಮಾತಾಡುವುದಿಲ್ಲ. ಶಾಲೆಗೆ ಬಂದ ಹೊಸ ಅಧಿಕಾರಿಣಿ ನಿಜ ಹೇಳಿದ್ದಕ್ಕೇ ಅವನನ್ನು ಶಿಕ್ಷಿಸುತ್ತಾಳೆ, ಮಕ್ಕಳಿಗೆ ಬೇಕಾದ ವಿದ್ಯೆಯನ್ನು ಕಲಿಸದೆ ಬರೀ ಪಾಠ ಓದಿಸುತ್ತಾಳೆ. ಆಗ ಮಕ್ಕಳು ತಾವೇ ಗುಟ್ಟಾಗಿ ಸೇರಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಏನೂ ಗೊತ್ತಿಲ್ಲದ ಹ್ಯಾರಿ ಕತ್ತಲಲ್ಲಿ ತಡಕಾಡಿ ತಪ್ಪು ಹೆಜ್ಜೆ ಇಡುತ್ತಾನೆ. ಅದರ ಬೆಲೆ ಅವನ ಪ್ರೀತಿಯ ಹಿರಿಯನೊಬ್ಬನ ಪ್ರಾಣ. ಎಲ್ಲ ಮುಗಿದ ಮೇಲೆ ಆ ಮುದಿ ಗುರು ಅವನೆದುರು ಕೂತು, ಮೊದಲೇ ಹೇಳಬೇಕಿತ್ತು, ಪ್ರೀತಿಯಿಂದಲೇ ಮುಚ್ಚಿಟ್ಟೆ, ಆದರೂ ತಪ್ಪು ನನ್ನದು ಎಂದು ಒಪ್ಪಿಕೊಳ್ಳುತ್ತಾನೆ.

ಸಹೋದರಿ, ಈಗ ನಿಮ್ಮ ಪತ್ರದ ಕೊನೆಯ ಸಾಲನ್ನು ಇನ್ನೊಮ್ಮೆ ನೀವೇ ಓದಿ. ಮನೆಯ ಹಿರಿಯರು ಸೇರಿ ಹುಡುಗಿಯ ಮುಂದಿನ ಓದಿನ ಬಗ್ಗೆ ಮಾತಾಡುತ್ತಿದ್ದಾರೆ. ಅವಳಿಗೆ ಯಾರೂ ಏನೂ ಹೇಳಿಲ್ಲ. ಅವಳಿಗೆ ಗೊತ್ತಿಲ್ಲ ಎಂದು ನೀವು ಭಾವಿಸಿದ್ದೀರಿ. ಚಹಾ ಕೊಡಲು ಬಂದಾಗ ಮಾತು ನಿಂತದ್ದು, ತಾನು ಅಡುಗೆಮನೆಗೆ ಹೋದಮೇಲೆ ದನಿಗಳು ಸಣ್ಣಗಾದದ್ದು ಯಾವ ಹೆಣ್ಣುಮಗಳಿಗೆ ತಿಳಿಯುವುದಿಲ್ಲ ಹೇಳಿ? ನಾವೂ ಆ ವಯಸ್ಸನ್ನು ದಾಟಿ ಬಂದವರೇ. "ಅವನು ಯಾಕೆ ಕೂಗಾಡುತ್ತಾನೆ ಅಂತ ನಿನಗೆ ತಿಳಿಯೋದಿಲ್ಲ" ಎಂದು ಅವಳು ತಂಗಿಗೋ ಅಕ್ಕನಿಗೋ ಹೇಳಿದ ಮಾತು ಅಡುಗೆಮನೆಯವರೆಗೆ ಕೇಳಲಿ ಎಂದೂ ಇರಬಹುದಲ್ಲವೇ?

ಇದು ನನ್ನ ಊಹೆ. ನಿಮ್ಮ ಮಗಳ ಮನಸ್ಸು ನೋಡಿದವಳು ನಾನಲ್ಲ. ಆದರೆ ಇಷ್ಟು ಮಾತ್ರ ಹೇಳಬಲ್ಲೆ: ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ "ನನಗೆ ಹೀಗನಿಸುತ್ತದೆ" ಎಂದು ನೇರ ಹೇಳಲಾರರು. ಹೇಳಿದರೆ ಎದುರು ಮಾತು ಎನಿಸಿಕೊಳ್ಳುತ್ತದೆ. ಕತೆಯ ಬಗ್ಗೆ ಹೇಳಿದರೆ ಯಾರೂ ಗದರುವುದಿಲ್ಲ. ಹಾಗಾಗಿ ಇಷ್ಟವಾದ ಪುಸ್ತಕದ ಹೆಸರಿನಲ್ಲಿ ತಮ್ಮ ಮನಸ್ಸನ್ನೇ ಹೇಳುತ್ತಾರೆ. ಅಂತಹ ಪುಸ್ತಕವನ್ನು ಅಟ್ಟಕ್ಕೆ ಹಾಕಿದರೆ ಅಟ್ಟಕ್ಕೆ ಹೋಗುವುದು ಪುಸ್ತಕ ಮಾತ್ರವೇ?

ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಉತ್ತರ, ಬೇಡ. ಅದರ ಬದಲು ಒಂದು ಕೆಲಸ ಮಾಡಿ. ಸಂಜೆ ಕೆಲಸ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿ, ಕತೆ ಹೇಳಿ ಎನ್ನಿ. ಒಬ್ಬಳು ಇಷ್ಟವಾಗದ್ದಕ್ಕೆ ಮೂರು ಕಾರಣ ಹೇಳಲಿ, ಇನ್ನೊಬ್ಬಳು ಇಷ್ಟವಾದದ್ದಕ್ಕೆ ಮೂರು ಕಾರಣ ಹೇಳಲಿ. ಒಂದೇ ಷರತ್ತು. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ನಡುವೆ ಬಾಯಿ ಹಾಕಬಾರದು. ಕಾರಣ ಹೇಳದೆ "ಚೆನ್ನಾಗಿಲ್ಲ" ಎನ್ನಬಾರದು. ಕಾರಣ ಕೊಟ್ಟು ಒಪ್ಪುವುದು, ಕಾರಣ ಕೊಟ್ಟು ಬೇಡ ಎನ್ನುವುದು ದೊಡ್ಡ ವಿದ್ಯೆ. ನಾಳೆ ನಿಕಾಹ್‌ಗೆ ಒಪ್ಪಿಗೆ ಕೇಳಿದಾಗ, ಕೆಲಸದ ಜಾಗದಲ್ಲಿ, ಗ್ರಾಮಸಭೆಯಲ್ಲಿ ಬೇಕಾಗುವುದು ಅದೇ ವಿದ್ಯೆ. ಅದನ್ನು ಕತೆ ಪುಸ್ತಕದ ಮೇಲೆ ಅಭ್ಯಾಸ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಮಗಳು ಹೇಳುವುದನ್ನೆಲ್ಲ ಕೇಳಿದ ಮೇಲೆ, ಮನೆಯಲ್ಲಿ ನಡೆಯುತ್ತಿರುವ ಮಾತುಕತೆಯನ್ನು ನೀವಾಗಿಯೇ ಅವಳಿಗೆ ತಿಳಿಸಿ. ಅವಳ ಅಬ್ಬಾನ ಜೊತೆ ಮೊದಲು ಮಾತಾಡಿ, ಆಮೇಲೆ ಇಬ್ಬರೂ ಕೂತು ಹೇಳಿ. ಖರ್ಚಿನ ತೊಂದರೆಯೋ, ಬಸ್ಸಿನ ಚಿಂತೆಯೋ, ಏನಿದೆಯೋ ಅದನ್ನು ಮುಚ್ಚದೆ ಹೇಳಿ. ಓದಲೇಬೇಕು ಎನ್ನಲು ಅವಳಲ್ಲೂ ಕಾರಣಗಳಿರುತ್ತವೆ, ಅವನ್ನೂ ಕೇಳಿ. ಓದು ನಿಲ್ಲಿಸಬೇಡಿ ಎಂಬುದು ನನ್ನ ಆಸೆ, ಅದನ್ನು ಮುಚ್ಚಿಡಲಾರೆ. ಇಷ್ಟು ದಪ್ಪದ ಇಂಗ್ಲಿಷ್ ಪುಸ್ತಕವನ್ನು ಯಾರ ಒತ್ತಾಯವೂ ಇಲ್ಲದೆ ಓದಿ ಮುಗಿಸಿ, ಅದರ ಪರವಾಗಿ ವಾದಿಸುವ ಹುಡುಗಿ ಡಿಗ್ರಿ ಕಾಲೇಜಿನಲ್ಲಿ ಹಿಂದೆ ಬೀಳುವವಳಲ್ಲ.

ಇತರ ಓದುಗರಿಗೂ ಒಂದು ಮಾತು. ಪುಸ್ತಕ ಕೊಳ್ಳಲು ಹಣವಿಲ್ಲ ಎಂದು ಚಿಂತಿಸಬೇಡಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಕೇಳಿ. ಮಕ್ಕಳು ತಂದ ಪುಸ್ತಕವನ್ನು ನೀವೂ ಹತ್ತು ಪುಟ ತಿರುವಿ ನೋಡಿ. ಇಂಗ್ಲಿಷ್ ಬಾರದಿದ್ದರೆ ಅವರಿಂದಲೇ ಹೇಳಿಸಿಕೊಳ್ಳಿ. ಹಿಂದೆ ದಾಸ್ತಾನ್ ಕೇಳಿದವರಲ್ಲಿ ಎಲ್ಲರಿಗೂ ಓದಲು ಬರುತ್ತಿರಲಿಲ್ಲ. ಆದರೂ ಯಾವ ಕತೆ ಸಪ್ಪೆ, ಯಾವುದು ಸೊಗಸು ಎಂದು ಅವರು ಧೈರ್ಯವಾಗಿ ಹೇಳುತ್ತಿದ್ದರು.

ನಿಮ್ಮ ಮನೆಯಲ್ಲಿ ಯಾವ ಪುಸ್ತಕಕ್ಕೆ ಜಗಳ ನಡೆಯಿತು? ಯಾವ ಸರಣಿಯ ಮುಂದಿನ ಭಾಗ ನಿಮಗೆ ನಿರಾಸೆ ತಂದಿತು, ಯಾವುದು ಮೊದಲಿನದಕ್ಕಿಂತ ಹಿಡಿಸಿತು? ಕಾರಣ ಸಹಿತ ಬರೆದು ಕಳುಹಿಸಿ. ರಾಣೆಬೆನ್ನೂರಿನ ಆ ಹುಡುಗಿಗೂ ಇದೇ ಆಹ್ವಾನ. ಅವಳ ಪಕ್ಷದ ಮಾತನ್ನು ನಾವಿನ್ನೂ ಪೂರ್ತಿ ಕೇಳಿಲ್ಲ.